ಹುಲಿ ಏಕೆ ನಾಚಬೇಕು?

ಗೋವಿನ ಹಾಡು ಕೇಳಿ ಒಮ್ಮೆಯಾದರೂ ಕಣ್ಣೊದ್ದೆ ಮಾಡಿಕೊಳ್ಳದ ಕನ್ನಡಿಗರು ಕಡಿಮೆ. ಕರುವಿಗೆ ಕೊನೆಯ ಬಾರಿ ಹಾಲೂಡಿಸಿ, ಕೊಟ್ಟ ಮಾತಿಗೆ ಕಟ್ಟುಬಿದ್ದು ಹುಲಿಯ ಎದುರು ಬಂದು ನಿಲ್ಲುವ ಪುಣ್ಯಕೋಟಿ ಶಾಲೆಯ ಪಠ್ಯದಿಂದ ಹಿಡಿದು ನೃತ್ಯರೂಪಕ, ಆ್ಯನಿಮೇಷನ್‌ವರೆಗೆ ಎಲ್ಲ ಕಡೆ ಓಡಾಡಿದ್ದಾಳೆ. ಹಸುವಿನ ಸತ್ಯದ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರಿರುವುದು ಹುಲಿಯ ಸಾವಿನ ಬಗ್ಗೆ. ಅರ್ಬುತನೆಂಬ ಆ ಹುಲಿ ಹಸಿದಿತ್ತು. ಹಸಿದ ಹುಲಿ ಎದುರಿಗೆ ಬಂದ ಹಸುವನ್ನು ಅಡ್ಡಗಟ್ಟಿದ್ದರಲ್ಲಿ ಪಾಪವೇನು ಬಂತು? ಆದರೂ ಕೊನೆಗೆ ನಾಚಿ ಪ್ರಾಣ ಬಿಡುವುದು ಹುಲಿಯೇ. ಹಸು ಹಸುವಾಗಿಯೇ ಕೊಟ್ಟಿಗೆಗೆ ಮರಳುತ್ತದೆ. ಹುಲಿಗೆ ಮಾತ್ರ ಹುಲಿಯಾಗಿ ಬದುಕಿಕೊಂಡಿರಲು ಆ ಹಾಡಿನಲ್ಲಿ ಜಾಗ ಸಿಗಲಿಲ್ಲ.

ಇದೇ ಬಗೆಯ ಕಥೆ ಸಂಸ್ಕೃತ ಪುರಾಣಗಳಲ್ಲೂ ಇದೆ. ಪದ್ಮಪುರಾಣದಲ್ಲಿ ಹಸುವಿನ ಹೆಸರು ನಂದಾ. ಅಲ್ಲಿನ ಹುಲಿ ನಿಜವಾಗಿ ಹುಲಿಯಲ್ಲ, ಶಾಪಕ್ಕೊಳಗಾದ ಪ್ರಭಂಜನನೆಂಬ ರಾಜ. ಹಸುವಿನಿಂದ ಶಾಪ ಕಳೆಯುತ್ತದೆ, ಹುಲಿಯ ಚರ್ಮದೊಳಗಿಂದ ಮನುಷ್ಯ ಹೊರಬರುತ್ತಾನೆ, ಲೆಕ್ಕ ಸರಿಹೋಗುತ್ತದೆ. ನಮ್ಮ ಜನಪದ ಕವಿ ಆ ಸುಲಭದ ದಾರಿ ಹಿಡಿಯಲಿಲ್ಲ. ಅವನ ಹುಲಿಯ ಒಳಗೆ ಯಾವ ರಾಜನೂ ಅಡಗಿಲ್ಲ. ಒಳಗೂ ಹೊರಗೂ ಹುಲಿಯೇ. ಹಾಗಾಗಿಯೇ ಅದು ಸಾಯಬೇಕಾಯಿತು. ಧರ್ಮ ಅರ್ಥವಾದ ಮೇಲೆ ಮಾಂಸ ತಿನ್ನುವಂತಿಲ್ಲ, ಮಾಂಸ ಬಿಟ್ಟರೆ ಹುಲಿಗೆ ಬೇರೆ ಊಟವಿಲ್ಲ. ಕವಿ ತನ್ನ ಕಥೆಯ ಕೊನೆಗೆ ಪ್ರಾಮಾಣಿಕನಾಗಿಯೇ ಬಂದಿದ್ದಾನೆ ಎಂದು ನಾನು ಒಪ್ಪುತ್ತೇನೆ. ಕಷ್ಟವಿರುವುದು ಕಥೆಯ ಬುಡದಲ್ಲಿ: ಪ್ರಾಣಿಗೆ ಮನುಷ್ಯರ ನೀತಿಯ ಪರೀಕ್ಷೆ ಇಟ್ಟು, ಆಮೇಲೆ ಫಲಿತಾಂಶ ಹೇಳುವುದರಲ್ಲಿ.

ಬೆಳೆದ ಹುಲಿಯೊಂದಕ್ಕೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳಾದರೂ ಬೇಕು, ಅಂದರೆ ವಾರಕ್ಕೊಂದು. ನಾಗರಹೊಳೆಯಲ್ಲಿ ದಶಕಗಟ್ಟಲೆ ಹುಲಿಗಳ ಬೆನ್ನುಹತ್ತಿದ ವಿಜ್ಞಾನಿ ಉಲ್ಲಾಸ ಕಾರಂತರು ಈ ಲೆಕ್ಕವನ್ನು ನಮಗೆ ಮತ್ತೆ ಮತ್ತೆ ಹೇಳಿದ್ದಾರೆ. ಆ ವಾರಕ್ಕೊಂದು ಕಡವೆಯೋ ಜಿಂಕೆಯೋ ಆಗಿದ್ದರೆ ಸುದ್ದಿಯಾಗುವುದಿಲ್ಲ. ಒಂದು ವಾರ ಅದು ಯಾರದೋ ಹಸುವಾಗಿರುತ್ತದೆ.

2025ರ ಜೂನ್ ಕೊನೆಯ ವಾರ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ಸತ್ತುಬಿದ್ದಿದ್ದವು. ಹುಲಿ ಒಂದು ಹಸುವನ್ನು ಕೊಂದಿತ್ತು. ತಿಂದು ಬಿಟ್ಟುಹೋದ ಆ ಹಸುವಿನ ಮೈಗೆ ವಿಷ ಹಾಕಲಾಗಿತ್ತು. ಹುಲಿ ತನ್ನ ಅಭ್ಯಾಸದಂತೆ ಮರಿಗಳನ್ನು ಕರೆದುಕೊಂಡು ಮತ್ತೆ ಅಲ್ಲಿಗೆ ಬಂದಿತು. ಇದು ನಡೆದದ್ದು ಎಂಥ ಬೆಟ್ಟದಲ್ಲಿ? ಹುಲಿಯನ್ನೇ ಏರಿ ಏಳುಮಲೆ ಸುತ್ತಿದ ಮಾದಪ್ಪನ ಬೆಟ್ಟದಲ್ಲಿ. ದೇವರ ಗುಡ್ಡರು ಕಂಸಾಳೆ ಬಡಿಯುತ್ತ ರಾತ್ರಿಯೆಲ್ಲ ಹಾಡುವ ಮಹದೇಶ್ವರ ಕಾವ್ಯದಲ್ಲಿ ಹುಲಿ ದೇವರ ವಾಹನ. ಅತ್ತ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೂ ಹುಲಿಯ ದೇವರಿದ್ದಾನೆ. ಕಲ್ಲಿನ ನಾಗರಕ್ಕೆ ಹಾಲೆರೆದು, ಹರಿದುಬಂದ ನಾಗರವನ್ನು ಕಂಡೊಡನೆ ಬಡಿಗೆ ಹುಡುಕುವವರನ್ನು ಬಸವಣ್ಣ ಹನ್ನೆರಡನೆಯ ಶತಮಾನದಲ್ಲೇ ಹಿಡಿದು ನಿಲ್ಲಿಸಿದ್ದ. ಆ ವಚನಕ್ಕೆ ಇನ್ನೂ ವಯಸ್ಸಾಗಿಲ್ಲ.

ಗೋವಿನ ಹಾಡು ಕೇಳಿ ಯಾರೂ ವಿಷ ಹಾಕುವುದಿಲ್ಲ, ಅದು ನನಗೂ ಗೊತ್ತು. ಹಾಲು ಮಾರಿ ಸಂಸಾರ ತೂಗಿಸುವವನಿಗೆ ಒಂದು ಹಸು ಹೋದರೆ ಏನಾಗುತ್ತದೆ, ಪರಿಹಾರದ ಅರ್ಜಿ ಹಿಡಿದು ಎಷ್ಟು ಸಲ ಅಲೆಯಬೇಕಾಗುತ್ತದೆ ಎಂಬುದೇ ಅಲ್ಲಿನ ನಿಜವಾದ ಕಥೆ. ನಾನು ಹೇಳುತ್ತಿರುವುದು ಬೇರೆ. ಹಸುವಿಗಾಗಿ ಅಳುವುದಕ್ಕೆ ನಮ್ಮಲ್ಲಿ ಪದಗಳಿವೆ, ವಾಹನವಾದ ಹುಲಿಗೆ ಕೈಮುಗಿಯಲೂ ಪದಗಳಿವೆ. ಮೊನ್ನೆ ಪಕ್ಕದ ಮನೆಯ ಹಸುವನ್ನು ತಿಂದ, ನಾಳೆ ಮತ್ತೆ ಹಸಿಯುವ, ದೇವರೂ ಅಲ್ಲದ ದುಷ್ಟನೂ ಅಲ್ಲದ ಹುಲಿಯ ಬಗ್ಗೆ ಮಾತಾಡಲು ನಮ್ಮ ಕಾವ್ಯ ನಮ್ಮನ್ನು ತಯಾರು ಮಾಡಿಲ್ಲ.

ಈ ಕೊರತೆ ಹಳೆಯದು. ಮಹಾಕಾವ್ಯವೆಂದರೆ ಹದಿನೆಂಟು ವರ್ಣನೆಗಳಿರಬೇಕು ಎಂಬ ಕಟ್ಟಳೆಯಲ್ಲಿ ಸಮುದ್ರ, ಪರ್ವತ, ಋತು, ಚಂದ್ರೋದಯ ಎಲ್ಲವೂ ಬಂದವು. ಕಡಲನ್ನೇ ಕಾಣದ ಕವಿಯೂ ಕಡಲನ್ನು ಬಣ್ಣಿಸಿದ. ಚಕೋರ ಬೆಳದಿಂಗಳು ಕುಡಿಯಿತು, ಚಾತಕ ಮಳೆಹನಿಗೆ ಬಾಯ್ದೆರೆದು ಕೂತಿತು, ಚಕ್ರವಾಕಗಳು ರಾತ್ರಿಯಾದೊಡನೆ ಅಗಲಿ ಅತ್ತವು, ಹಂಸ ಹಾಲಿನಿಂದ ನೀರನ್ನು ಬೇರ್ಪಡಿಸಿತು. ಇವು ಪಕ್ಷಿಶಾಸ್ತ್ರವಲ್ಲ ಎಂದು ಈಗ ನಗಾಡುವುದು ಸುಲಭ; ನನಗೆ ಅದರಲ್ಲಿ ಆಸಕ್ತಿಯಿಲ್ಲ. ವಿರಹ ಹೇಳಲು ಕವಿಗೆ ಚಕ್ರವಾಕ ಬೇಕಿತ್ತು, ಅವನು ತೆಗೆದುಕೊಂಡ. ಅಕ್ಕಮಹಾದೇವಿ ಗಿಳಿ, ಕೋಗಿಲೆ, ತುಂಬಿ, ಹಂಸ, ನವಿಲುಗಳನ್ನು ನಿಲ್ಲಿಸಿ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳಿದಾಗ ಅವುಗಳಿಂದ ಉತ್ತರ ಬರಬೇಕೆಂದು ಯಾರೂ ಕಾಯುವುದಿಲ್ಲ. ಆ ಪ್ರಶ್ನೆಯ ಸಂಕಟವೇ ನಮಗೆ ಸಾಕು. ಬನವಾಸಿಯ ನಂದನವನದಲ್ಲಿ ದುಂಬಿಯಾಗಿಯಾದರೂ ಕೋಗಿಲೆಯಾಗಿಯಾದರೂ ಹುಟ್ಟಬೇಕೆಂದು ಪಂಪ ಬಯಸಿದ್ದರಲ್ಲಿ ಊರಿನ ಹಂಬಲವಿದೆ. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಹಕ್ಕಿ, ಕೂಗುವುದು ಗಂಡು ಎಂದು ಅವನಿಗೆ ಪಾಠ ಮಾಡುವವರು ಕಾವ್ಯವನ್ನು ತಪ್ಪು ಬಾಗಿಲಿನಿಂದ ಹೊಕ್ಕವರು.

ಆದರೆ ರೂಪಕಕ್ಕೆ ಒಂದು ಬೆಲೆ ತೆರಬೇಕಾಗುತ್ತದೆ: ನಿಜವಾದ ಹಕ್ಕಿ ಕಣ್ಣೆದುರು ಬಂದರೂ ಗುರುತು ಸಿಗದೆ ಹೋಗುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ಬೂದು ಮೈ, ಹಳದಿ ಕೊಕ್ಕು. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯವನ್ನು ದಾಟಿಬರುವ ಹಕ್ಕಿಗಳಿವು. ನಮ್ಮ ಕಾವ್ಯ ಶಿಲ್ಪಗಳ ಹಂಸದ ಹಿಂದೆ ಇರುವುದು ಇಂಥ ಹೆಬ್ಬಾತೇ ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಮಾನಸ ಸರೋವರದ ಕಡೆಯಿಂದ ಬಂದುಹೋಗುವ ಹಕ್ಕಿ ಎಂಬ ಹಳೆಯ ಕವಿಗಳ ಮಾತಿಗೆ ಈ ಪಯಣ ಸರಿಯಾಗಿ ಕೂಡುತ್ತದೆ. 2024ರಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಹಗಲು ಕೆರೆಯಲ್ಲಿ ತೇಲುತ್ತ ಕೂತು, ಹೊತ್ತು ನೋಡಿಕೊಂಡು ಸುತ್ತಲಿನ ಹೊಲಗಳಿಗಿಳಿದು ಹುಲ್ಲು, ಕಾಳು ಮೇಯುವ ಈ ಹಕ್ಕಿಯನ್ನು ಕಂಡು ಇದೇ ಹಂಸವಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. ಹಂಸವೆಂದರೆ ಕ್ಯಾಲೆಂಡರಿನಲ್ಲಿ ಸರಸ್ವತಿಯ ಕಾಲಬುಡದಲ್ಲಿರುವ, ಉದ್ದ ಕೊರಳಿನ, ಅಚ್ಚ ಬಿಳಿಯ ಹಕ್ಕಿ ಎಂದು ನಮ್ಮ ಮನಸ್ಸು ತೀರ್ಮಾನಿಸಿಬಿಟ್ಟಿದೆ. ಆ ಹಕ್ಕಿ ಹೊಲಕ್ಕಿಳಿದು ಮೇಯುವುದಿಲ್ಲ.

ಇನ್ನು ಕಾವ್ಯದಲ್ಲಿ ಚೆಂದವಾಗಿದ್ದ ಕಲ್ಪನೆ ಕಾವ್ಯದಿಂದ ಹೊರಗೆ ನಡೆದುಬಂದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 2017ರಲ್ಲಿ ರಾಜಸ್ಥಾನ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಹಸುವನ್ನು ರಾಷ್ಟ್ರೀಯ ಪ್ರಾಣಿಯಾಗಿಸಬೇಕೆಂದು ಶಿಫಾರಸು ಮಾಡಿ, ಅದೇ ದಿನ ಪತ್ರಕರ್ತರೆದುರು ನವಿಲು ಬ್ರಹ್ಮಚಾರಿ, ಅದರ ಕಣ್ಣೀರು ಕುಡಿದೇ ಹೆಣ್ಣು ಗರ್ಭ ಧರಿಸುತ್ತದೆ ಎಂದರು. ಗಂಡು ನವಿಲು ಗರಿ ಬಿಚ್ಚಿ ಕುಣಿಯುವುದೇ ಹೆಣ್ಣನ್ನು ಒಲಿಸಿಕೊಳ್ಳಲು ಎಂಬುದು ಹೊಲದ ಬದುವಿನಲ್ಲಿ ಕೂತ ಯಾವ ರೈತನಿಗೂ ಗೊತ್ತಿರುವ ಸಂಗತಿ.

ಪಂಚತಂತ್ರದ ಮಾತು ಬೇಗ ಮುಗಿಸಬಹುದು. ಸುಮಾರು 1031ರಲ್ಲಿ ಅದನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದವನು. ಅವನ ನರಿಗಳೂ ಸಿಂಹವೂ ಎತ್ತೂ ಆಸ್ಥಾನದ ಜನರೇ, ಬಾಲ ಅಂಟಿಸಿಕೊಂಡವರು ಅಷ್ಟೆ. ಅರಮನೆಯಲ್ಲಿದ್ದುಕೊಂಡು ಅರಮನೆಯ ಬಗ್ಗೆ ನಿಜ ಹೇಳುವುದಕ್ಕೆ ಅದು ಜಾಣ ಉಪಾಯ. ಕಾಡಿನ ಬಗ್ಗೆ ಅಲ್ಲಿ ಏನನ್ನೂ ಹುಡುಕಬಾರದು. ನರಿಯ ತಲೆಗೆ ಕುತಂತ್ರಿಯೆಂಬ ಪಟ್ಟ ಕಾಯಂ ಆಗಿ ಅಂಟಿಕೊಂಡದ್ದಷ್ಟೇ ನಷ್ಟ.

ಹಾಗಾದರೆ ಪ್ರಾಣಿಗೆ ನ್ಯಾಯ ಸಿಕ್ಕ ಹಳಗನ್ನಡ ಕಾವ್ಯವೇ ಇಲ್ಲವೇ? ನನ್ನ ಮಟ್ಟಿಗೆ ಒಂದಿದೆ: ಜನ್ನನ 'ಯಶೋಧರ ಚರಿತೆ', 1209ರದು. ಅದರ ನಡುವಿನಲ್ಲಿರುವುದು ಪ್ರಾಣಿಯೂ ಅಲ್ಲ, ಹಿಟ್ಟಿನಲ್ಲಿ ಮಾಡಿದ ಒಂದು ಕೋಳಿ ಎಂಬುದು ಸೋಜಿಗ. ರಾಣಿ ಅಮೃತಮತಿ ಮಾವುತನಿಗೆ ಒಲಿದದ್ದನ್ನು ಕಣ್ಣಾರೆ ಕಂಡ ಯಶೋಧರ, ಅದನ್ನು ಬಾಯಿಬಿಟ್ಟು ಹೇಳಲಾರದೆ ಕೆಟ್ಟ ಕನಸು ಬಿತ್ತೆಂದು ತಾಯಿ ಚಂದ್ರಮತಿಗೆ ಹೇಳುತ್ತಾನೆ. ದೋಷ ಕಳೆಯಲು ದೇವಿಗೆ ಬಲಿ ಕೊಡು ಎನ್ನುತ್ತಾಳೆ ತಾಯಿ. ಜೀವ ತೆಗೆಯಲಾರೆ ಎನ್ನುತ್ತಾನೆ ಮಗ. ಕಡೆಗೆ ರಾಜಿಯಾಗುತ್ತದೆ: ಹಿಟ್ಟಿನ ಕೋಳಿ ಮಾಡಿ ಕಡಿಯುವುದು. ಕೊಂದ ಹಾಗೂ ಆಗಬೇಕು, ಪಾಪವೂ ಬರಬಾರದು. ಕತ್ತಿ ಬೀಳುತ್ತಲೇ ಆ ಹಿಟ್ಟಿನ ಕೋಳಿ ಕೂಗುತ್ತದೆ.

ಕನ್ನಡ ಕಾವ್ಯದಲ್ಲಿ ಎಷ್ಟೋ ಕೋಗಿಲೆಗಳು ಉಲಿದಿವೆ, ಎಷ್ಟೋ ನವಿಲುಗಳು ಕೇಗಿವೆ. ಅವೆಲ್ಲವುಗಳ ನಡುವೆ ನನಗೆ ತೀರ ದಿಗಿಲು ಹುಟ್ಟಿಸುವುದು ಈ ಕೂಗು. ಜೀವವೇ ಇಲ್ಲದ್ದು ಎಂದುಕೊಂಡು ಕಡಿದವನಿಗೆ ಜೀವದ ದನಿ ಕೇಳಿಸುವುದು ಜನ್ನ ಕಾಣಿಸಿದ ಕ್ಷಣ. ಆಮೇಲೆ ಹೆಂಡತಿ ಇಕ್ಕಿದ ವಿಷಕ್ಕೆ ತಾಯಿ ಮಗ ಇಬ್ಬರೂ ಸತ್ತು, ಅವರೇ ಪ್ರಾಣಿಗಳಾಗಿ ಹುಟ್ಟುತ್ತ ಹೋಗುತ್ತಾರೆ. ಒಮ್ಮೆ ನವಿಲು ಮತ್ತು ನಾಯಿ. ತನ್ನದೇ ಅರಮನೆಯಲ್ಲಿ ನವಿಲಾದ ರಾಜನನ್ನು ನಾಯಿಯಾದ ತಾಯಿಯೇ ಕಚ್ಚಿ ಕೊಲ್ಲುತ್ತಾಳೆ. ಮುಂದೆ ಹಾವು, ಮೀನು, ಮೊಸಳೆ, ಆಡು, ಕೋಣ, ಕೋಳಿ. ತನ್ನ ಹೆಸರಿನಲ್ಲಿ ತನ್ನ ಮಗನೇ ಮಾಡುವ ಶ್ರಾದ್ಧಕ್ಕೆ ತಾನೇ ಅಡುಗೆಮನೆಯ ಮಾಂಸವಾಗುವ ಪಾಡೂ ಬರುತ್ತದೆ. ಪಂಚತಂತ್ರದಲ್ಲಿ ಮನುಷ್ಯರು ಪ್ರಾಣಿಗಳ ವೇಷ ಹಾಕಿದರೆ ಇಲ್ಲಿ ಮನುಷ್ಯ ಪ್ರಾಣಿಯ ಮೈಯೊಳಗೆ ಸಿಕ್ಕಿಬೀಳುತ್ತಾನೆ. ಇರಿತ ಹೊರಗಿನಿಂದ ನೋಡುವ ಸಂಗತಿಯಾಗಿ ಉಳಿಯುವುದಿಲ್ಲ.

ಪ್ರಾಣಿಜನ್ಮವೆಂದರೆ ಶಿಕ್ಷೆ ಎಂಬ ನಂಬಿಕೆ ಆ ಕಾವ್ಯದಲ್ಲೂ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ. ಜನ್ನನ ಜೈನ ಲೋಕದಲ್ಲಿ ನವಿಲಿಗೆ ನವಿಲಾಗಿರುವ ಸಂತೋಷವಿಲ್ಲ. ಅದು ಕರ್ಮ ಸವೆಸುವ ಠಾಣೆ. ಆದರೂ ನೋವಿನ ವಿಷಯದಲ್ಲಿ ಮನುಷ್ಯನಿಗೊಂದು ಅಳತೆ, ಪ್ರಾಣಿಗೊಂದು ಅಳತೆ ಇಟ್ಟುಕೊಳ್ಳದ ಕಾವ್ಯ ಅದು. ಅಷ್ಟಾದರೂ ಮಾಡಿದವರು ಆಮೇಲೂ ಹೆಚ್ಚಿಲ್ಲ.

ನವಿಲಿಗೆ ನವಿಲಾಗಿರುವ ಸಂತೋಷವನ್ನು ಕೊಡಲು ಕನ್ನಡ ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು. ಅಲ್ಲೊಂದು ಕುತೂಹಲದ ವಂಶಾವಳಿ ಇದೆ. ಕಾಡಿನ ಹೂವಿನಂತೆ ಯಾರ ಕಣ್ಣಿಗೂ ಬೀಳದೆ ಅರಳುವ ಬದುಕು ಬೇಕೆಂದು 'ವನಸುಮ' ಬರೆದವರು ಡಿ.ವಿ.ಜಿ. ಅವರ ಮಗ ಬಿ.ಜಿ.ಎಲ್. ಸ್ವಾಮಿ ಸಸ್ಯವಿಜ್ಞಾನಿಯಾಗಿ ಅಂಥ ಹೂಗಳ ಕುಲಗೋತ್ರ ಹುಡುಕಿಕೊಂಡು ವಿದ್ಯಾರ್ಥಿಗಳ ಜೊತೆ ಘಟ್ಟ ಹತ್ತಿದರು. 'ಹಸುರು ಹೊನ್ನು' ಹುಟ್ಟಿದ್ದು ಹಾಗೆ, ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಹಾರುವ ಬೆಳ್ಳಕ್ಕಿಯ ಸಾಲಿನಲ್ಲಿ ದೇವರ ರುಜುವನ್ನು ಕಂಡವರು ಕುವೆಂಪು. ಅವರ ಮಗ ತೇಜಸ್ವಿ ಕ್ಯಾಮೆರಾ ಹಿಡಿದು ಮೂಡಿಗೆರೆಯ ಕಾಡಿನಲ್ಲಿ ಹಕ್ಕಿಗಳಿಗಾಗಿ ಕಾದು ಕೂತರು. ಶಿವರಾಮ ಕಾರಂತರ ಮಗನೇ ಈ ಮೊದಲು ಹೇಳಿದ ಹುಲಿ ವಿಜ್ಞಾನಿ. ತಂದೆಯರದ್ದು ಭಾವ, ಮಕ್ಕಳದ್ದು ವಿಜ್ಞಾನ ಎಂದು ಗೆರೆ ಎಳೆಯುವಂತಿಲ್ಲ. ಕಾರಂತರೇ ವಿಜ್ಞಾನ ಬರೆದವರು, ಸ್ವಾಮಿಯವರಷ್ಟು ನಗಿಸಿದ ವಿಜ್ಞಾನಿ ಇನ್ನೊಬ್ಬರಿಲ್ಲ. ಆದರೂ ಮೂರು ದೊಡ್ಡ ಸಾಹಿತ್ಯದ ಮನೆಗಳಲ್ಲಿ ಎರಡನೆಯ ತಲೆಮಾರು ಹೂವು, ಹಕ್ಕಿ, ಹುಲಿಗಳನ್ನು ಅವು ಇದ್ದಲ್ಲಿಗೇ ಹೋಗಿ ನೋಡಹೊರಟದ್ದು ಬರಿಯ ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ. ನೋಡುವ ಚಪಲವನ್ನು ಹಚ್ಚಿದ್ದು ಆ ತಂದೆಯರ ಬರಹವೇ ಇರಬೇಕು.

ಕುವೆಂಪು ಅವರ ಕವಿತೆಗಿಂತ ಕಾದಂಬರಿ ಈ ದೃಷ್ಟಿಯಿಂದ ಮುಂದಿದೆ ಎಂಬುದು ನನ್ನ ಅಭಿಪ್ರಾಯ. ಕವಿತೆಯಲ್ಲಿ ಹಕ್ಕಿ ಕಂಡೊಡನೆ ಕವಿಯ ಮನಸ್ಸು ದೇವರ ಕಡೆಗೆ ಹೊರಟುಬಿಡುತ್ತದೆ, ಹಕ್ಕಿ ಹಿಂದೆ ಉಳಿಯುತ್ತದೆ. 1967ರ 'ಮಲೆಗಳಲ್ಲಿ ಮದುಮಗಳು' ಹಾಗಲ್ಲ. ಅಲ್ಲಿ ಹುಲಿಯ ಎಂಬ ನಾಯಿಯಿದೆ. ಅದರ ಒಡೆಯ ಗುತ್ತಿ ಜೀತದಾಳು, ಊರವರ ಬಾಯಲ್ಲಿ ನಾಯಿಗುತ್ತಿ. ಅವನ ಹೆಸರಿಗೆ ಗುರುತು ಕೊಟ್ಟದ್ದೇ ನಾಯಿ. ಆ ಕಾದಂಬರಿಯಲ್ಲಿ ಹುಲಿಯ ಸ್ವಾಮಿನಿಷ್ಠೆಯ ಸಂಕೇತವಾಗಿ ಕೂರುವುದಿಲ್ಲ. ಮೂಸುತ್ತದೆ, ಕಾಡಿಗೆ ನುಗ್ಗುತ್ತದೆ, ಗುತ್ತಿಯ ಕೆಲಸವನ್ನು ಒಮ್ಮೊಮ್ಮೆ ಕೆಡಿಸುತ್ತದೆ. ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ಕಥೆ ನಡೆಯುತ್ತಿದ್ದರೆ, ನಾಯಿ ಅದರ ಪಕ್ಕದಲ್ಲೇ ತನ್ನ ಕಥೆ ನಡೆಸಿಕೊಂಡು ಬರುತ್ತದೆ. ಕೊನೆಗೆ ಮಳೆಗಾಲದ ತುಂಬು ತುಂಗೆಯನ್ನು ದಾಟುವಾಗ ಹುಲಿಯ ಹೊಳೆಯ ಪಾಲಾಗುತ್ತದೆ. ಮನುಷ್ಯರು ಆಚೆ ದಡ ಸೇರುತ್ತಾರೆ. ಈ ಸಾವಿನಿಂದ ಯಾರಿಗೂ ಜ್ಞಾನೋದಯವಾಗುವುದಿಲ್ಲ, ಯಾರ ಸತ್ಯವೂ ಗೆಲ್ಲುವುದಿಲ್ಲ. ಅರ್ಬುತನ ಸಾವಿಗೂ ಹುಲಿಯನ ಸಾವಿಗೂ ಇರುವ ಅಂತರ ಇಲ್ಲಿದೆ: ಒಂದು ಕಥೆಗೆ ಬೇಕಾಗಿ ಬಂದ ಸಾವು, ಇನ್ನೊಂದು ನೀರಿನ ರಭಸಕ್ಕೆ ಬಂದ ಸಾವು.

ತೇಜಸ್ವಿಯವರ 1980ರ 'ಕರ್ವಾಲೊ' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಿಜ್ಞಾನಿ ಕರ್ವಾಲೊ, ಜೇನು ಕೀಳುವುದರಲ್ಲಿ ಪಳಗಿದ ಮಂದಣ್ಣ, ತೋಟ ಮಾಡಿ ಬೇಸತ್ತ ನಿರೂಪಕ, ಅವನ ನಾಯಿ ಕಿವಿ, ಬಿರಿಯಾನಿ ಕರಿಯಪ್ಪ ಎಲ್ಲರೂ ಹಾರುವ ಓತಿಯನ್ನು ಹುಡುಕುತ್ತ ಕಾಡು ಹೊಗುತ್ತಾರೆ. ಹಾರುವ ಓತಿ ಕಟ್ಟುಕಥೆಯ ಪ್ರಾಣಿಯಲ್ಲ. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಈಗಲೂ ಕಾಣಸಿಗುತ್ತದೆ. ಪಕ್ಕೆಲುಬುಗಳನ್ನು ಅಗಲಿಸಿ, ಅವುಗಳ ನಡುವಿನ ಚರ್ಮವನ್ನು ರೆಕ್ಕೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ, ಇರುವೆ ತಿನ್ನುತ್ತದೆ, ತೊಗಟೆಯ ಬಣ್ಣದಲ್ಲಿ ಕಲೆತು ಕೂತರೆ ಎದುರಿಗಿದ್ದರೂ ತಿಳಿಯುವುದಿಲ್ಲ. ತೇಜಸ್ವಿ ಅದಕ್ಕೆ ಇನ್ನಷ್ಟು ಪುರಾತನತೆಯನ್ನು ಕೊಟ್ಟರು. ಆದರೆ ಅದರ ಬಾಯಿಗೆ ಮಾತು ಕೊಡಲಿಲ್ಲ, ಅದರ ಮನಸ್ಸಿನಲ್ಲೇನಿದೆ ಎಂದು ಹೇಳಹೊರಡಲಿಲ್ಲ. ಇಡೀ ಕಾದಂಬರಿ ಅದನ್ನು ಅಟ್ಟಿಸಿಕೊಂಡು ಹೋಗುತ್ತದೆ. ಕಡೆಗೆ ಓತಿ ಕಮರಿಯ ಆಚೆಗೆ ತೇಲಿಹೋಗುತ್ತದೆ. ಹಿಡಿಯಲು ಬಂದವರ ಜ್ಞಾನದಾಹ ಎಷ್ಟೇ ಒಳ್ಳೆಯದಿದ್ದರೂ ಓತಿಗೆ ಅದರ ಹಂಗಿಲ್ಲ. ಪ್ರಾಣಿಯನ್ನು ಕಥೆಯ ಮುಷ್ಟಿಯಿಂದ ಬಿಟ್ಟುಕೊಡುವ ಧೈರ್ಯ ಕನ್ನಡಕ್ಕೆ ಬಂದದ್ದು ಅಲ್ಲಿ ಎಂದು ನಾನು ತಿಳಿದಿದ್ದೇನೆ. ಅದೇ ತೇಜಸ್ವಿ ಕೆನೆತ್ ಆಂಡರ್ಸನ್, ಜಿಮ್ ಕಾರ್ಬೆಟ್‌ರ ನರಭಕ್ಷಕ ಕಥೆಗಳನ್ನೂ ಕನ್ನಡಕ್ಕೆ ತಂದರು. ಹುಲಿ ಮನುಷ್ಯರನ್ನು ತಿನ್ನಲು ತೊಡಗುವುದಕ್ಕೆ ಗುಂಡೇಟಿನ ಗಾಯವೋ ಮುಳ್ಳುಹಂದಿಯ ಮುಳ್ಳೋ ಕಾರಣವಿದ್ದೀತು ಎಂದು ಕನ್ನಡದ ಸಾಮಾನ್ಯ ಓದುಗ ಅರಿತದ್ದು ಈ ಪುಸ್ತಕಗಳಿಂದ. ಬೇಟೆಗಾರರು ಬರೆದ ಪುಸ್ತಕಗಳಿಂದ ಹುಲಿಯ ಮೇಲಿನ ದ್ವೇಷ ಕಡಿಮೆಯಾಗುವುದೆಂದರೆ ವಿಚಿತ್ರವೇ. ಕೊಲ್ಲುವುದಕ್ಕಾದರೂ ಅವರು ಹುಲಿಯನ್ನು ಗಮನವಿಟ್ಟು ನೋಡಿದ್ದರು.

ಇಷ್ಟು ದೂರ ಬಂದ ಮೇಲೂ ನಾವು ಹಳೆಯ ಹಾಡಿಗೇ ಮರಳುತ್ತೇವೆ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅರ್ಜುನನೆಂಬ ಸಾಕಾನೆ ಸತ್ತಾಗ ನಾಡಿಗೆ ನಾಡೇ ಮರುಗಿತು. ದಸರೆಯಲ್ಲಿ ಅಂಬಾರಿ ಹೊತ್ತವನು, ವೀರಮರಣ ಹೊಂದಿದವನು ಎಂದು ಬರೆದರು, ಸ್ಮಾರಕ ಬೇಕೆಂದರು. ಆ ದುಃಖ ಸುಳ್ಳಲ್ಲ. ಆದರೆ ಅರ್ಜುನನೂ ಒಂದು ಕಾಲಕ್ಕೆ ಕಾಡಾನೆಯೇ. ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕಿ ನಮ್ಮವನಾದವನು. ಅವನೆದುರು ನಿಂತ ಸಲಗ ತನ್ನ ಜಾಗದಲ್ಲಿ, ತನ್ನನ್ನು ಹಿಡಿಯಬಂದವರ ವಿರುದ್ಧ ಕಾದಿತು. ಅದಕ್ಕೆ ಸಿಕ್ಕ ಹೆಸರು ಪುಂಡಾನೆ. ನಮ್ಮ ಪಕ್ಷದಲ್ಲಿದ್ದ ಆನೆ ಪುಣ್ಯಕೋಟಿ, ಆಚೆ ಪಕ್ಷದ್ದು ಅರ್ಬುತ.

ಅದೇ ಸಕಲೇಶಪುರ, ಆಲೂರು, ಬೇಲೂರಿನ ಕಾಫಿ ತೋಟಗಳಲ್ಲಿ ಕೆಲಸಕ್ಕೆ ಹೋಗುವವರ ಮೊಬೈಲಿಗೆ ಆನೆಗಳ ಬಗ್ಗೆ ಮುನ್ನೆಚ್ಚರಿಕೆಯ ಸಂದೇಶಗಳು ಬರುತ್ತವೆ: ಯಾವ ಊರಿನ, ಯಾವ ತೋಟದ ಹತ್ತಿರ ಆನೆಗಳಿವೆ, ಹುಷಾರಾಗಿರಿ. ಅದರಲ್ಲಿ ವಿಶೇಷಣಗಳಿಲ್ಲ, ವೀರನಿಲ್ಲ, ಪುಂಡನೂ ಇಲ್ಲ. ಅಲ್ಲಿನವರು ಕೆಲವು ಸಲಗಗಳನ್ನು ಹೆಸರಿಟ್ಟೇ ಗುರುತಿಸುತ್ತಾರೆ. ಭೀಮ ಎಂಬುದು ಈಗ ಜಿಲ್ಲೆಯಾಚೆಗೂ ಗೊತ್ತಿರುವ ಹೆಸರು. ಅವನು ರಸ್ತೆ ದಾಟುವವರೆಗೆ ಬೈಕ್ ನಿಲ್ಲಿಸಿಕೊಂಡು ಕಾಯುವವರ ಬಾಯಲ್ಲಿ ಬೈಗುಳವೂ ಇದೆ, ಸಲಿಗೆಯೂ ಇದೆ. ಗದ್ದೆ ತುಳಿದುಹೋದ ಬೆಳಿಗ್ಗೆ ಅದೇ ಬಾಯಿ ಅವನಿಗೆ ಶಾಪ ಹಾಕುತ್ತದೆ, ಸಂಜೆ ಅವನ ಕಾಲಿಗೆ ಗಾಯವಾಗಿದೆಯಂತೆ ಎಂದರೆ ಹೌದೇನೋ ಎಂದು ಕೇಳುತ್ತದೆ. ಆನೆಯ ಮುಂದಿನ ಕಥೆಯನ್ನು ಬರೆಯುವವರು ಆ ಸಂದೇಶ ನೋಡಿ ಮಕ್ಕಳನ್ನು ಶಾಲೆಗೆ ಕಳಿಸಬೇಕೋ ಬೇಡವೋ ಎಂದು ಲೆಕ್ಕ ಹಾಕುವ ಮನೆಗಳಿಂದಲೇ ಬಂದಾರು.